ಸೊಂಟನೋವಿನ ಮಾತ್ರೆ, ಹಗಲಿನ ಮಂಪರು: ಓದುಗರ ಪ್ರಶ್ನೆಗಳಿಗೆ ಉತ್ತರ

ಸೊಂಟ ಹಿಡಿದುಕೊಂಡಾಗ, ಕತ್ತು ತಿರುಗಿಸಲಾಗದಾಗ, ಪಾರ್ಶ್ವವಾಯುವಿನ ನಂತರ ಕೈಕಾಲುಗಳು ಸೆಟೆದುಕೊಂಡಾಗ ವೈದ್ಯರು ಬರೆದುಕೊಡುವ ಸ್ನಾಯು ಸಡಿಲಿಸುವ ಮಾತ್ರೆಗಳ ಬಗ್ಗೆ ಈಚೆಗೆ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನಗೆ 43 ವರ್ಷ. ಭಾರದ ಪೆಟ್ಟಿಗೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ವೈದ್ಯರು ನೋವಿನ ಮಾತ್ರೆಯ ಜೊತೆಗೆ ಟೈಜಾನಿಡಿನ್ 2 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಬಾರಿ, ಒಂದು ವಾರದ ಮಟ್ಟಿಗೆ ಬರೆದುಕೊಟ್ಟಿದ್ದಾರೆ. ನೋವು ಕಡಿಮೆಯಾಗಿದೆ. ಆದರೆ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಕಣ್ಣು ಎಳೆಯುತ್ತದೆ, ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತದೆ, ಕುರ್ಚಿಯಿಂದ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಬಿ.ಪಿ.ಗೂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದಿನವೂ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗಬೇಕು. ಮಾತ್ರೆ ನಿಲ್ಲಿಸಬಹುದೇ? ಇದರಿಂದ ಲಿವರ್ ಕೆಡುತ್ತದೆ ಎಂದು ಪರಿಚಯದವರೊಬ್ಬರು ಹೆದರಿಸಿದ್ದಾರೆ, ಅದು ನಿಜವೇ?

ಉತ್ತರ: ನೀವು ಬರೆದಿರುವ ಮೂರು ತೊಂದರೆಗಳಿಗೂ ಮೂಲ ಒಂದೇ. ಈ ಗುಂಪಿನ ಬಹುತೇಕ ಮಾತ್ರೆಗಳು ಸೊಂಟದ ಸ್ನಾಯುವಿನ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಸ್ನಾಯುವನ್ನು ಬಿಗಿಯಾಗಿಸಲು ಮಿದುಳು ಮತ್ತು ಬೆನ್ನುಹುರಿಯಿಂದ ಹೊರಡುವ ಸಂದೇಶಗಳನ್ನು ಅಲ್ಲೇ ತಗ್ಗಿಸುವುದು ಅವುಗಳ ಕೆಲಸ. ಆದರೆ ನುಂಗಿದ ಔಷಧ ಸೊಂಟಕ್ಕೆ ಸಂಬಂಧಿಸಿದ ನರಗಳನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲವಾದ್ದರಿಂದ, ನಮ್ಮನ್ನು ಎಚ್ಚರವಾಗಿಡುವ, ರಕ್ತದೊತ್ತಡವನ್ನು ಹಿಡಿದಿಡುವ ನರಗಳೂ ಅದೇ ಹೊತ್ತಿಗೆ ಮಂಕಾಗುತ್ತವೆ. ಟೈಜಾನಿಡಿನ್ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಹಿಂದಿನಿಂದಲೂ ಬಿ.ಪಿ. ಇಳಿಸಲು ಬಳಸುತ್ತಿರುವ ಕ್ಲೋನಿಡಿನ್ ಎಂಬ ಔಷಧಕ್ಕೆ ಇದು ಹತ್ತಿರದ ಸಂಬಂಧಿಯಾಗಿದ್ದು, ಎರಡೂ ನರತಂತುಗಳ ಮೇಲಿನ ಒಂದೇ ಬಗೆಯ ಗ್ರಾಹಕಗಳನ್ನು, ಅಂದರೆ ರಾಸಾಯನಿಕ ಸಂದೇಶ ಸ್ವೀಕರಿಸುವ ತಾಣಗಳನ್ನು, ಹಿಡಿಯುತ್ತವೆ. ಆದ್ದರಿಂದ ಮಂಪರು, ಬಾಯಿ ಒಣಗುವುದು ಮತ್ತು ತಲೆಸುತ್ತು ಈ ಮಾತ್ರೆಯಲ್ಲಿ ಅಪರೂಪವಲ್ಲ, ನಿರೀಕ್ಷಿತವೇ. ಇಷ್ಟನ್ನು ಮಾತ್ರೆ ಬರೆಯುವಾಗಲೇ ರೋಗಿಗೆ ಹೇಳಿಬಿಟ್ಟರೆ ಇಂಥ ಅರ್ಧದಷ್ಟು ಪತ್ರಗಳು ಬರುವುದೇ ಇಲ್ಲ ಎಂದು ನನಗೆ ಅನೇಕ ಬಾರಿ ಅನ್ನಿಸಿದೆ.

ಹೊತ್ತಿನ ಲೆಕ್ಕವೂ ನಿಮ್ಮ ಅನುಭವಕ್ಕೆ ಹೊಂದುತ್ತದೆ. ನುಂಗಿದ ಒಂದರಿಂದ ಎರಡು ಗಂಟೆಗಳೊಳಗೆ ಟೈಜಾನಿಡಿನ್ ಪ್ರಭಾವ ಉತ್ತುಂಗಕ್ಕೆ ಏರಿ, ಮೂರರಿಂದ ಆರು ಗಂಟೆಗಳಲ್ಲಿ ಇಳಿಯುತ್ತದೆ. ಒಂದೇ ಬಾರಿಗೆ 8 ಮಿಲಿಗ್ರಾಂ ಕೊಟ್ಟು ನೋಡಿದ ಪರೀಕ್ಷೆಯೊಂದರಲ್ಲಿ ಮೂರನೇ ಎರಡರಷ್ಟು ಜನರ ರಕ್ತದೊತ್ತಡ ಶೇ. 20ರಷ್ಟು ತಗ್ಗಿತ್ತು. ನಿಮ್ಮ ಡೋಸ್ ಅದರ ಕಾಲುಭಾಗ ಮಾತ್ರ. ಆದರೆ ಅದರ ಜೊತೆಗೆ ಬಿ.ಪಿ. ಮಾತ್ರೆಯೂ ಇರುವುದರಿಂದ ಎರಡರ ಪರಿಣಾಮ ಕೂಡಿಕೊಂಡು, ಎದ್ದು ನಿಂತಾಗ ರಕ್ತ ಕಾಲಿನತ್ತ ಇಳಿದು, ಮಿದುಳಿಗೆ ಕ್ಷಣಕಾಲ ಕೊರತೆಯಾಗಿ ಕಣ್ಣು ಕತ್ತಲಿಡುತ್ತಿದೆ. ಬಿ.ಪಿ. ಮಾತ್ರೆ ಇರುವ ವಿಷಯವನ್ನು ವೈದ್ಯರಿಗೆ ಹೇಳಿದ್ದೀರೋ ಇಲ್ಲವೋ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ಹೇಳಿರದಿದ್ದರೆ ಇಂದೇ ಫೋನ್ ಮಾಡಿ ತಿಳಿಸಿ. ಹಗಲಿನ ಎರಡು ಮಾತ್ರೆಗಳನ್ನು ಬಿಡಿಸಿ ರಾತ್ರಿಯ ಒಂದನ್ನಷ್ಟೇ ಉಳಿಸಿಕೊಳ್ಳಲು ಅವರು ಹೇಳಬಹುದು. ಸೊಂಟನೋವಿಗೆ ಅನೇಕ ವೇಳೆ ಅಷ್ಟೇ ಸಾಕಾಗುತ್ತದೆ. ಅಲ್ಲಿಯವರೆಗೆ ಮಲಗಿದ್ದಲ್ಲಿಂದ ಒಮ್ಮೆಲೇ ಏಳಬೇಡಿ. ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ, ನಂತರ ಏನನ್ನಾದರೂ ಹಿಡಿದುಕೊಂಡು ನಿಲ್ಲಿ. ರಾತ್ರಿ ಮೂತ್ರಕ್ಕೆ ಏಳುವಾಗ ದೀಪ ಹಾಕಿಕೊಳ್ಳುವುದನ್ನು ಮರೆಯಬೇಡಿ.

ಸ್ಕೂಟರಿನ ವಿಷಯದಲ್ಲಿ ನನ್ನ ಉತ್ತರ ಖಚಿತವಾಗಿದೆ: ಮಾತ್ರೆ ತೆಗೆದುಕೊಳ್ಳುತ್ತಿರುವಷ್ಟು ದಿನ ಹಗಲಿನ ಡೋಸ್ ನಂತರ ಗಾಡಿ ಓಡಿಸಬೇಡಿ. ತೂಕಡಿಕೆ ಗೊತ್ತಾಗುತ್ತದೆ, ಆದರೆ ಬ್ರೇಕ್ ಹಿಡಿಯುವ ಕೈ ಅರೆಕ್ಷಣ ತಡವಾಗುವುದು ಗೊತ್ತಾಗುವುದಿಲ್ಲ. ಎಚ್ಚರವಾಗಿದ್ದೇನೆ ಎಂದು ಅನ್ನಿಸುತ್ತಿರುವಾಗಲೂ ಪ್ರತಿಕ್ರಿಯೆ ನಿಧಾನವಾಗಿರುತ್ತದೆ. ಏಣಿ ಹತ್ತುವ, ಯಂತ್ರದ ಮುಂದೆ ನಿಲ್ಲುವ ಕೆಲಸಗಳಿಗೂ ಇದೇ ಅನ್ವಯಿಸುತ್ತದೆ.

ಬಾಯಿ ಒಣಗುವುದಕ್ಕೆ ಆಗಾಗ ಒಂದೊಂದು ಗುಟುಕು ನೀರು, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಸಾಕು. ತಿಂಗಳುಗಟ್ಟಲೆ ಮಾತ್ರೆ ಸೇವಿಸುವವರಲ್ಲಿ ಜೊಲ್ಲು ಕಡಿಮೆಯಾಗಿ ಹಲ್ಲು ಹುಳುಕಾಗುವ ಸಾಧ್ಯತೆ ಇರುತ್ತದೆ. ಒಂದು ವಾರಕ್ಕೆ ಆ ಚಿಂತೆ ಬೇಡ.

ಇನ್ನು ಲಿವರ್. ಪರಿಚಯದವರು ಹೇಳಿದ್ದರಲ್ಲಿ ಸತ್ಯಾಂಶವಿದೆ, ಆದರೆ ಅದು ನಿಮ್ಮ ಸಂದರ್ಭಕ್ಕೆ ಹೇಳುವ ಮಾತಲ್ಲ. ಟೈಜಾನಿಡಿನ್ ಪರೀಕ್ಷೆಗಳಲ್ಲಿ ಸುಮಾರು ಶೇ. 5ರಷ್ಟು ರೋಗಿಗಳ ರಕ್ತದಲ್ಲಿ ಯಕೃತ್ತಿನ ಕಿಣ್ವಗಳು ಸಾಮಾನ್ಯ ಮಿತಿಯ ಮೂರು ಪಟ್ಟಿಗಿಂತ ಹೆಚ್ಚಾಗಿದ್ದವು. ಅವರಲ್ಲಿ ಬಹುಪಾಲು ಜನರಿಗೆ ಯಾವ ಲಕ್ಷಣವೂ ಕಾಣಿಸಿಕೊಳ್ಳದೆ, ಮಾತ್ರೆ ನಿಲ್ಲಿಸಿದ ಮೇಲೆ ಕಿಣ್ವಗಳು ಮೊದಲಿನ ಮಟ್ಟಕ್ಕೆ ಮರಳಿದವು. ತೀವ್ರ ಹಾನಿಯಾದ ಪ್ರಸಂಗಗಳು ಅಪರೂಪವಾದರೂ ಇವೆ. ಆದ ಕಾರಣ ದೀರ್ಘಕಾಲ ಈ ಮಾತ್ರೆ ತೆಗೆದುಕೊಳ್ಳುವವರಿಗೆ ಆರಂಭದಲ್ಲೊಮ್ಮೆ ಮತ್ತು ಡೋಸ್ ಏರಿಸಿದ ನಂತರ ಲಿವರ್ ಪರೀಕ್ಷೆ ಮಾಡಿಸುತ್ತಾರೆ, ಮೊದಲೇ ಯಕೃತ್ತಿನ ಕಾಯಿಲೆ ಇರುವವರಿಗೆ ಸಾಧ್ಯವಾದಷ್ಟು ಕೊಡುವುದಿಲ್ಲ. ಏಳು ದಿನ, ದಿನಕ್ಕೆ 6 ಮಿಲಿಗ್ರಾಂ ತೆಗೆದುಕೊಳ್ಳುವ ಆರೋಗ್ಯವಂತರು ಇದರಿಂದ ನಿದ್ದೆಗೆಡಬೇಕಾಗಿಲ್ಲ. ಕಣ್ಣು ಹಳದಿಯಾದರೆ, ಊಟ ಬೇಡವಾಗಿ ವಾಕರಿಕೆ ಬಂದರೆ, ಹೊಟ್ಟೆಯ ಮೇಲ್ಭಾಗದಲ್ಲಿ ಬಲಕ್ಕೆ ನೋವು ಕಾಣಿಸಿದರೆ ಮಾತ್ರ ತಡಮಾಡದೆ ತೋರಿಸಿಕೊಳ್ಳಬೇಕು. ಶೇ. 3ರಷ್ಟು ಜನರಲ್ಲಿ, ಬಹುತೇಕ ಮೊದಲ ಆರು ವಾರಗಳಲ್ಲಿ, ಇಲ್ಲದ್ದು ಕಣ್ಣಿಗೆ ಕಂಡಂತಾಗುವ ಭ್ರಮೆಯೂ ವರದಿಯಾಗಿದೆ. ಹಾಗಾದರೆ ಹುಚ್ಚು ಹಿಡಿಯಿತೆಂದು ಗಾಬರಿಯಾಗದೆ ವೈದ್ಯರಿಗೆ ತಿಳಿಸಿ. ಅದು ಮಾತ್ರೆಯ ಕೆಲಸ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯವಿದೆ. ಟೈಜಾನಿಡಿನ್ ಸೇವಿಸುತ್ತಿರುವಾಗ ಮೂತ್ರದ ಸೋಂಕಿಗೋ ಭೇದಿಗೋ ಯಾರಾದರೂ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಟೈಜಾನಿಡಿನ್ ಅನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವವನ್ನು ಅದು ತಡೆಯುತ್ತದೆ. ಆರೋಗ್ಯವಂತ ಸ್ವಯಂಸೇವಕರಿಗೆ ಎರಡನ್ನೂ ಕೊಟ್ಟಾಗ ದೇಹಕ್ಕೆ ಸಿಕ್ಕ ಟೈಜಾನಿಡಿನ್ ಪ್ರಮಾಣ ಹತ್ತು ಪಟ್ಟಾಗಿತ್ತು. ಅಂದರೆ ನುಂಗಿದ್ದು 2 ಮಿಲಿಗ್ರಾಂ ಆದರೂ ದೇಹದ ಪಾಲಿಗೆ ಅದು 20 ಮಿಲಿಗ್ರಾಂ. ಗೀಳಿನ ಕಾಯಿಲೆಗೆ ಕೊಡುವ ಫ್ಲುವಾಕ್ಸಮಿನ್ ಎಂಬ ಮಾತ್ರೆಯ ಜೊತೆಯಲ್ಲಂತೂ ಇದು 33 ಪಟ್ಟು ಏರುತ್ತದೆ. ಈ ಎರಡರ ಜೊತೆಗೆ ಟೈಜಾನಿಡಿನ್ ಸಂಪೂರ್ಣ ನಿಷಿದ್ಧ. ಗರ್ಭನಿರೋಧಕ ಮಾತ್ರೆಗಳು ಇಷ್ಟು ತೀವ್ರವಾಗಿ ಅಲ್ಲದಿದ್ದರೂ ಟೈಜಾನಿಡಿನ್ ದೇಹದಿಂದ ಹೊರಹೋಗುವ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಆದ್ದರಿಂದ ಮಹಿಳೆಯರು ಅದನ್ನೂ ವೈದ್ಯರಿಗೆ ಹೇಳಬೇಕು.

ಮಾತ್ರೆ ನಿಲ್ಲಿಸುವ ಬಗ್ಗೆ: ನಿಮ್ಮಷ್ಟು ಚಿಕ್ಕ ಡೋಸಿನಲ್ಲಿ, ಇಷ್ಟು ಕಡಿಮೆ ದಿನ ತೆಗೆದುಕೊಂಡವರು ನೋವು ತಗ್ಗಿದ ಮೇಲೆ ನಿಲ್ಲಿಸಿದರೆ ತೊಂದರೆಯಿಲ್ಲ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರಮಾಣವನ್ನು ಎರಡು ತಿಂಗಳಿಗೂ ಮೀರಿ ಸೇವಿಸಿದವರು ಮಾತ್ರ ತಟ್ಟನೆ ನಿಲ್ಲಿಸಬಾರದು, ತಡೆದಿಟ್ಟ ಬಿ.ಪಿ. ಮತ್ತು ಎದೆಬಡಿತ ಒಮ್ಮೆಗೇ ನೆಗೆಯುತ್ತವೆ. ಅವರು ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು.

ಇಷ್ಟೆಲ್ಲ ಅಡ್ಡಪರಿಣಾಮ ಸಹಿಸಿಕೊಂಡು ಸಿಗುವ ಲಾಭವೆಷ್ಟು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಸೊಂಟನೋವಿನಲ್ಲಿ ಈ ಮಾತ್ರೆಗಳ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಹೊಸದಾಗಿ ಬಂದ ಸೊಂಟನೋವಿನಲ್ಲಿ, ಮೊದಲ ಎರಡು ವಾರಗಳ ಆಸುಪಾಸಿನಲ್ಲಿ, ನೂರು ಅಂಕಗಳ ನೋವಿನ ಅಳತೆಯಲ್ಲಿ ಸುಮಾರು 8 ಅಂಕಗಳಷ್ಟು ಇಳಿಕೆ ಕಂಡಿತು. ಆ ಸಾಕ್ಷ್ಯವೂ ಅಷ್ಟು ಗಟ್ಟಿಯಾದದ್ದಲ್ಲ ಎಂದು ಬರೆದವರೇ ಎಚ್ಚರಿಸಿದ್ದಾರೆ. ನಾನು ಇದನ್ನು ಮಾತ್ರೆ ಬೇಡವೆನ್ನಲು ಹೇಳುತ್ತಿಲ್ಲ. ನೋವಿನಿಂದ ರಾತ್ರಿ ಕಣ್ಣು ಮುಚ್ಚಲಾಗದವರಿಗೆ ಮೂರು ನಾಲ್ಕು ದಿನದ ನಿದ್ದೆ ದೊಡ್ಡ ಉಪಕಾರವೇ. ಆದರೆ ಎರಡನೆಯ ವಾರಕ್ಕೆ ಚೀಟಿಯನ್ನು ಮುಂದುವರಿಸಿಕೊಳ್ಳುವ ಮುನ್ನ ಲಾಭ ನಷ್ಟ ಎರಡನ್ನೂ ವೈದ್ಯರೊಂದಿಗೆ ಮಾತಾಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಕತ್ತುನೋವಿಗೆ ಕೊಟ್ಟ ಮಾತ್ರೆ ತೆಗೆದುಕೊಂಡ ಮರುದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ರಕ್ತ ಹೋಗುತ್ತಿದೆಯೇ ಎಂದು ಭಯವಾಗಿದೆ. ಮಾತ್ರೆಯ ಹಾಳೆಯ ಹಿಂದೆ ಕ್ಲೋರ್‌ಜಾಕ್ಸಜೋನ್, ಪ್ಯಾರಾಸಿಟಮಾಲ್, ಡೈಕ್ಲೊಫೆನಾಕ್ ಎಂದು ಬರೆದಿದೆ.

ಉತ್ತರ: ಕ್ಲೋರ್‌ಜಾಕ್ಸಜೋನ್ ಮೂತ್ರವನ್ನು ಕಿತ್ತಳೆ ಅಥವಾ ಕೆಂಪುಮಿಶ್ರಿತ ನೇರಳೆ ಬಣ್ಣಕ್ಕೆ ತಿರುಗಿಸಬಲ್ಲದು. ಇದೇ ಗುಂಪಿನ ಮೆಥೊಕಾರ್ಬಮಾಲ್ ಎಂಬ ಮಾತ್ರೆಯಲ್ಲಿ ಕಂದು, ಕಪ್ಪು, ಹಸಿರು ಬಣ್ಣವೂ ಬರುವುದುಂಟು. ಔಷಧ ಒಡೆದು ಉಂಟಾಗುವ ಪದಾರ್ಥಗಳ ಬಣ್ಣ ಅದು. ಅದರಿಂದ ಮೂತ್ರಪಿಂಡಕ್ಕೆ ಕೇಡಿಲ್ಲ, ಮಾತ್ರೆ ನಿಂತ ಮೇಲೆ ಬಣ್ಣವೂ ಹೋಗುತ್ತದೆ. ಆದರೂ ಒಮ್ಮೆ ಸಾಮಾನ್ಯ ಮೂತ್ರಪರೀಕ್ಷೆ ಮಾಡಿಸಿದರೆ ರಕ್ತವೋ ಅಲ್ಲವೋ ಎಂಬುದು ಖಚಿತವಾಗುತ್ತದೆ.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕಾಗಿರುವುದು ಬೇರೆ ಕಡೆ. ಕ್ಲೋರ್‌ಜಾಕ್ಸಜೋನ್ ಅಪರೂಪಕ್ಕೆ, ಆದರೆ ಮುನ್ಸೂಚನೆಯಿಲ್ಲದೆ, ಯಕೃತ್ತಿಗೆ ಗಂಭೀರ ಪೆಟ್ಟು ಕೊಟ್ಟಿರುವ ಔಷಧ. ಕಾಮಾಲೆಯಲ್ಲೂ ಮೂತ್ರ ಗಾಢವಾಗುವುದರಿಂದ ಒಂದನ್ನು ಇನ್ನೊಂದೆಂದು ತಿಳಿದುಕೊಳ್ಳುವ ಅಪಾಯವಿದೆ. ಬೆಳಕಿರುವ ಕಡೆ ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಎಳೆದು ಕಣ್ಣಿನ ಬಿಳಿಭಾಗ ನೋಡಿಕೊಳ್ಳಿ. ಅದು ಹಳದಿಯಾಗಿದ್ದರೆ, ಅಥವಾ ಜ್ವರ, ಮೈಮೇಲೆ ಗಂಧೆ, ವಾಂತಿ, ವಿಪರೀತ ಆಯಾಸ ಜೊತೆಗೂಡಿದ್ದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ.

ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಬೆರೆಸಿ ಕೊಡುವ ಪದ್ಧತಿಯ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅಡ್ಡಪರಿಣಾಮ ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ, ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳಲೂ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಇರುವುದು ನೆನಪಿಲ್ಲದೆ ಶೀತಕ್ಕೋ ತಲೆನೋವಿಗೋ ಮತ್ತೆ ಪ್ಯಾರಾಸಿಟಮಾಲ್ ನುಂಗುವವರು ಬಹಳ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಅದರ ಗರಿಷ್ಠ ಮಿತಿ. ಮಿತಿ ಮೀರಿದರೆ ಕೆಡುವುದು ಮತ್ತೆ ಯಕೃತ್ತೇ. ಹಾಗೆಯೇ ಡೈಕ್ಲೊಫೆನಾಕ್‌ನಿಂದ ಹೊಟ್ಟೆಯುರಿ, ಹೊಟ್ಟೆಹುಣ್ಣು, ರಕ್ತಸ್ರಾವ, ಬಿ.ಪಿ. ಏರಿಕೆ, ಮೂತ್ರಪಿಂಡದ ತೊಂದರೆ ಉಂಟಾಗಬಹುದು. ಮಲ ಡಾಂಬರಿನಂತೆ ಕಪ್ಪಾದರೆ ಅದು ಒಳಗಿನ ರಕ್ತಸ್ರಾವದ ಗುರುತು, ಅದಕ್ಕೆ ಕಾಯುವಂತಿಲ್ಲ.

ಪ್ರಶ್ನೆ: ನಮ್ಮ ತಾಯಿಗೆ 74 ವರ್ಷ. ಬೆನ್ನುನೋವಿಗೆಂದು ಹತ್ತು ದಿನಗಳಿಂದ ಸೈಕ್ಲೊಬೆಂಜಪ್ರಿನ್ ತೆಗೆದುಕೊಳ್ಳುತ್ತಿದ್ದಾರೆ. ಈಗ ರಾತ್ರಿ ಹೊತ್ತು ಏನೇನೋ ಮಾತಾಡುತ್ತಾರೆ, ಇರುವುದು ಯಾರ ಮನೆ ಎಂದು ಕೇಳುತ್ತಾರೆ. ಮಲಬದ್ಧತೆ ಹೆಚ್ಚಾಗಿದೆ. ಮೂತ್ರ ಸಲೀಸಾಗಿ ಹೋಗುತ್ತಿಲ್ಲ ಎನ್ನುತ್ತಾರೆ. ಮೊನ್ನೆ ಬಚ್ಚಲಿನ ಬಾಗಿಲಲ್ಲಿ ಎಡವಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ವಯಸ್ಸಿನ ಮರೆವು ಶುರುವಾಯಿತೆಂದು ಮನೆಯವರು ಅನ್ನುತ್ತಿದ್ದಾರೆ. ಅವರು ಖಿನ್ನತೆಗೂ ಅಲರ್ಜಿಗೂ ಮಾತ್ರೆ ಸೇವಿಸುತ್ತಾರೆ.

ಉತ್ತರ: ಹತ್ತು ದಿನಗಳ ಹಿಂದೆ ಇಲ್ಲದ ಗೊಂದಲ ಮಾತ್ರೆ ಆರಂಭಿಸಿದ ಮೇಲೆ ಬಂದಿದ್ದರೆ, ಮರೆವಿನ ಕಾಯಿಲೆಯನ್ನು ದೂರುವುದಕ್ಕೆ ಮುಂಚೆ ಮಾತ್ರೆಯನ್ನು ಅನುಮಾನಿಸಬೇಕು. ನೀವು ವಿವರಿಸಿರುವ ನಾಲ್ಕೂ ಲಕ್ಷಣಗಳು, ಅಂದರೆ ಗೊಂದಲ, ಮಲಬದ್ಧತೆ, ಮೂತ್ರದ ತಡೆ ಮತ್ತು ಬೀಳುವಿಕೆ, ಈ ಔಷಧದ ತಿಳಿದಿರುವ ಅಡ್ಡಪರಿಣಾಮಗಳೇ. ಇಂದೇ ವೈದ್ಯರೊಂದಿಗೆ ಮಾತಾಡಿ, ಮುಂದಿನ ಡೋಸ್ ಕೊಡಬೇಕೇ ಎಂಬುದನ್ನು ಕೇಳಿಕೊಳ್ಳುವವರೆಗೆ ಕೊಡದಿರುವುದು ಕ್ಷೇಮ. ಆರೆಂಟು ಗಂಟೆಗಳಿಂದ ಮೂತ್ರ ಹೋಗದೆ ಕೆಳಹೊಟ್ಟೆ ಉಬ್ಬಿ ನೋಯುತ್ತಿದ್ದರೆ ಫೋನಿನಲ್ಲಿ ಹೊತ್ತು ಕಳೆಯದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ರಚನೆಯಲ್ಲಿ ಸೈಕ್ಲೊಬೆಂಜಪ್ರಿನ್‌ಗೂ ಅಮಿಟ್ರಿಪ್ಟಿಲಿನ್ ಎಂಬ ಹಳೆಯ ಖಿನ್ನತೆಯ ಔಷಧಕ್ಕೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಅದರ ಗುಣದೋಷಗಳೂ ಹಾಗೆಯೇ ಬಂದಿವೆ: ಇದು ದೇಹದಲ್ಲಿ ಅಸಿಟೈಲ್‌ಕೋಲಿನ್ ಎಂಬ ನರವಾಹಕ ರಾಸಾಯನಿಕವನ್ನು ತಡೆಯುತ್ತದೆ. ಜೊಲ್ಲು ಸುರಿಸುವುದು, ಕರುಳನ್ನು ಚಲಿಸುವುದು, ಮೂತ್ರಕೋಶವನ್ನು ಹಿಂಡುವುದು, ಹೊಸ ನೆನಪನ್ನು ಹಿಡಿದಿಡುವುದು ಇವೆಲ್ಲವೂ ಆ ರಾಸಾಯನಿಕವನ್ನು ನೆಚ್ಚಿಕೊಂಡಿರುವ ಕೆಲಸಗಳು. ಅಲರ್ಜಿಗೆ ಕೊಡುವ ಹಳೆಯ ಬಗೆಯ ಮಾತ್ರೆಗಳೂ ಇದನ್ನೇ ತಡೆಯುವುದರಿಂದ ನಿಮ್ಮ ತಾಯಿಯವರ ವಿಷಯದಲ್ಲಿ ಎರಡೂ ಕೂಡಿಕೊಂಡಿರುವ ಸಾಧ್ಯತೆಯಿದೆ. ಅಲರ್ಜಿ ಮಾತ್ರೆಯ ಹೆಸರನ್ನು ವೈದ್ಯರಿಗೆ ತೋರಿಸಿ. ಜೊತೆಗೆ ಸೈಕ್ಲೊಬೆಂಜಪ್ರಿನ್ ದೇಹದಿಂದ ಬಲು ನಿಧಾನವಾಗಿ ಹೊರಹೋಗುತ್ತದೆ. ಅರ್ಧದಷ್ಟು ಕರಗಲು ಸರಾಸರಿ 18 ಗಂಟೆ ಬೇಕು; ವೃದ್ಧರಲ್ಲಿ ಇನ್ನೂ ಹೆಚ್ಚು. ನಿನ್ನೆಯದು ಪೂರ್ತಿ ಹೋಗುವ ಮುನ್ನವೇ ಇಂದಿನದು ಸೇರಿ ದಿನದಿಂದ ದಿನಕ್ಕೆ ಮಟ್ಟ ಏರುತ್ತದೆ. ಮೊದಲ ದಿನ ಚೆನ್ನಾಗಿದ್ದವರು ಐದನೆಯ ದಿನ ಮಂಕಾಗುವುದು ಇದರಿಂದಲೇ. ನಿಲ್ಲಿಸಿದ ಮೇಲೂ ಗೊಂದಲ ತಿಳಿಯಾಗಲು ಕೆಲವು ದಿನ ಹಿಡಿದರೆ ಅದೂ ಇದೇ ಕಾರಣಕ್ಕೆ.

65 ದಾಟಿದವರಿಗೆ ಯಾವ ಔಷಧಗಳನ್ನು ಸಾಧ್ಯವಾದಷ್ಟು ಕೊಡಬಾರದು ಎಂಬ ಬಗ್ಗೆ ಅಮೆರಿಕದ ವೃದ್ಧರೋಗ ತಜ್ಞರ ಸಂಘ ಸಿದ್ಧಪಡಿಸುವ, ಬೀರ್ಸ್ ಪಟ್ಟಿ ಎಂದು ಹೆಸರಾದ ಮಾರ್ಗಸೂಚಿಯಲ್ಲಿ ಸೈಕ್ಲೊಬೆಂಜಪ್ರಿನ್, ಕ್ಲೋರ್‌ಜಾಕ್ಸಜೋನ್, ಮೆಥೊಕಾರ್ಬಮಾಲ್, ಕ್ಯಾರಿಸೊಪ್ರಡಾಲ್ ಮೊದಲಾದವು ಇವೆ. ಮಂಪರು, ಬೀಳುವಿಕೆ ಮತ್ತು ಮೂಳೆಮುರಿತದ ಭಯ ಒಂದು ಕಾರಣ. ವಯಸ್ಸಾದವರು ತಡೆದುಕೊಳ್ಳಬಲ್ಲ ಚಿಕ್ಕ ಡೋಸಿನಿಂದ ಪ್ರಯೋಜನ ಸಿಗುತ್ತದೆಂಬುದೇ ಅನುಮಾನ ಎಂಬುದು ಇನ್ನೊಂದು. ಅದು ಕಟ್ಟಪ್ಪಣೆಯಲ್ಲ, ಎಚ್ಚರಿಕೆ. ಆದರೂ 74 ವರ್ಷದವರಿಗೆ ಬೆನ್ನುನೋವೆಂದರೆ ಬಿಸಿ ಶಾಖ, ಪ್ಯಾರಾಸಿಟಮಾಲ್ ಮತ್ತು ಫಿಸಿಯೋಥೆರಪಿಯನ್ನು ಮೊದಲು ಪ್ರಯತ್ನಿಸುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾ ಇರುವವರು ಸೈಕ್ಲೊಬೆಂಜಪ್ರಿನ್ ಕೊಡುವ ಮುನ್ನವೇ ಹೇಳಬೇಕು. ಹೃದಯಬಡಿತದ ಲಯ ತಪ್ಪಿದವರಿಗೆ, ಹೃದಯ ವೈಫಲ್ಯ ಇರುವವರಿಗೆ, ಈಚೆಗೆ ಹೃದಯಾಘಾತವಾದವರಿಗೆ, ಥೈರಾಯ್ಡ್ ಹೆಚ್ಚಾಗಿ ಕೆಲಸ ಮಾಡುತ್ತಿರುವವರಿಗೆ ಇದನ್ನು ಕೊಡುವಂತೆಯೇ ಇಲ್ಲ.

ಖಿನ್ನತೆಯ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಸೆರಟೋನಿನ್ ಎಂಬ ನರವಾಹಕ ರಾಸಾಯನಿಕವನ್ನು ಹೆಚ್ಚಿಸುವ ಬಗೆಯ ಮಾತ್ರೆಯಾಗಿದ್ದರೆ, ಅಥವಾ ನೋವಿಗೆ ಟ್ರಮಡಾಲ್ ಕೂಡ ಸೇರಿದ್ದರೆ, ಸೈಕ್ಲೊಬೆಂಜಪ್ರಿನ್ ಜೊತೆಗೆ ಸೆರಟೋನಿನ್ ಮಿತಿಮೀರುವ ಸ್ಥಿತಿ ಉಂಟಾಗಬಹುದು. ಚಡಪಡಿಕೆ, ಮೈ ಬೆವರುವುದು, ಜ್ವರ, ಎದೆಬಡಿತ ಹೆಚ್ಚುವುದು, ಕಾಲುಗಳು ತಾವಾಗಿಯೇ ಅದುರುವುದು ಅದರ ಚಿಹ್ನೆಗಳು; ಅದು ತುರ್ತು ಚಿಕಿತ್ಸೆಯ ವಿಷಯ. ಖಿನ್ನತೆಯ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ಬೆನ್ನುಹುರಿಗೆ ಪೆಟ್ಟಾದ ನಂತರ ನನ್ನ ಪತಿ ಎರಡು ವರ್ಷಗಳಿಂದ ಬ್ಯಾಕ್ಲೊಫೆನ್ ಸೇವಿಸುತ್ತಿದ್ದಾರೆ. ಕಳೆದ ತಿಂಗಳು ಊರಿಗೆ ಹೋದಾಗ ಮಾತ್ರೆ ಮುಗಿದು ಎರಡು ದಿನ ತಪ್ಪಿತು. ಕಾಲುಗಳು ಮೊದಲಿಗಿಂತ ಹೆಚ್ಚು ಸೆಟೆದುಕೊಂಡವು, ಮೈ ಬಿಸಿಯಾಯಿತು, ಗೋಡೆಯ ಮೇಲೆ ಏನೋ ಹರಿದಾಡುತ್ತಿದೆ ಎಂದರು. ಮಾತ್ರೆ ಕೊಟ್ಟ ಮೇಲೆ ಸರಿಹೋಯಿತು. ಡೋಸ್ ಹೆಚ್ಚಿಸಿದಾಗಲೆಲ್ಲ ಕಾಲು ಬಲ ಕಳೆದುಕೊಂಡು ನಿಲ್ಲಲಾಗುವುದಿಲ್ಲ ಎಂದೂ ಹೇಳುತ್ತಾರೆ.

ಉತ್ತರ: ಎರಡು ದಿನಗಳಲ್ಲಿ ನೀವು ಕಂಡದ್ದು ಕಾಯಿಲೆ ಉಲ್ಬಣಿಸಿದ್ದಲ್ಲ, ಔಷಧ ತಪ್ಪಿದ್ದರ ಪರಿಣಾಮ. ಬ್ಯಾಕ್ಲೊಫೆನ್ ಬೆನ್ನುಹುರಿಯಲ್ಲಿ ನರಗಳ ಉದ್ರೇಕವನ್ನು ತಣಿಸುವ ಗ್ರಾಹಕಗಳನ್ನು ಒತ್ತಿ ಹಿಡಿದಿರುತ್ತದೆ. ತಿಂಗಳುಗಟ್ಟಲೆ ಆ ಒತ್ತಾಸೆಗೆ ಒಗ್ಗಿಕೊಂಡ ನರವ್ಯೂಹದಿಂದ ಅದನ್ನು ಒಮ್ಮೆಗೇ ಕಿತ್ತುಕೊಂಡರೆ ಸೆಟೆತ, ಜ್ವರ, ಭ್ರಮೆ, ಅಪಸ್ಮಾರದಂಥ ಸೆಳವು ಬರಬಹುದು. ಔಷಧವನ್ನು ಪಂಪಿನ ಮೂಲಕ ನೇರವಾಗಿ ಬೆನ್ನುಹುರಿಯ ದ್ರವಕ್ಕೆ ಹರಿಸುವವರಲ್ಲಿ ಪೂರೈಕೆ ತಟ್ಟನೆ ನಿಂತಾಗ ಸ್ನಾಯುಗಳೇ ಕರಗಿ ಪ್ರಾಣಾಪಾಯವಾದ ಪ್ರಸಂಗಗಳಿವೆ. ಆದ್ದರಿಂದ ಈ ಮಾತ್ರೆ ಕನಿಷ್ಠ ಒಂದು ವಾರಕ್ಕಾಗುವಷ್ಟು ಯಾವಾಗಲೂ ಮುಂಗಡವಾಗಿ ಮನೆಯಲ್ಲಿರಲಿ, ಪ್ರಯಾಣದಲ್ಲಿ ಎರಡು ಬೇರೆ ಬೇರೆ ಚೀಲಗಳಲ್ಲಿ ಇಟ್ಟುಕೊಳ್ಳಿ, ವೈದ್ಯರ ಚೀಟಿಯ ಫೋಟೋ ಫೋನಿನಲ್ಲಿರಲಿ. ಮುಂದೆ ಯಾವ ಕಾರಣಕ್ಕಾದರೂ ನಿಲ್ಲಿಸಬೇಕಾಗಿ ಬಂದರೆ ವಾರಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವೇ ಇಳಿಸುತ್ತಾ ಬರಬೇಕು. ಶಸ್ತ್ರಚಿಕಿತ್ಸೆಗೆಂದು ಬಾಯಿಯಿಂದ ಏನನ್ನೂ ಕೊಡದಿರುವ ದಿನ ಬಂದರೆ ಅರಿವಳಿಕೆ ವೈದ್ಯರಿಗೆ ಇದನ್ನು ಮೊದಲೇ ಹೇಳಿ.

ಕಾಲಿನ ಬಲದ ಬಗ್ಗೆ ನಿಮ್ಮ ಪತಿ ಹೇಳುತ್ತಿರುವುದು ಬಹಳ ಸರಿಯಾದ ಗಮನಿಕೆ, ಅದನ್ನು ಹಗುರವಾಗಿ ಕಾಣಬಾರದು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಸ್ವಂತ ಬಲ ಕಡಿಮೆಯಿದ್ದಾಗ ಸೆಟೆತವೇ ಕಾಲನ್ನು ಕಂಬದಂತೆ ನಿಲ್ಲಿಸಿರುತ್ತದೆ. ಸೆಟೆತವನ್ನು ಪೂರ್ತಿ ತೆಗೆದರೆ ಆ ಆಸರೆಯೂ ಹೋಗುತ್ತದೆ. ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟುವಾಗ ಎಷ್ಟು ಸೆಟೆತ ಬೇಕು, ರಾತ್ರಿ ನಿದ್ದೆಗೆ ಎಷ್ಟು ಬೇಡ ಎಂಬುದನ್ನು ನೋಡಿಕೊಂಡು ಡೋಸನ್ನು ದಿನದಲ್ಲಿ ಹಂಚಬೇಕಾಗುತ್ತದೆ. ಬೆಳಗ್ಗೆ ಕಡಿಮೆ, ರಾತ್ರಿ ಹೆಚ್ಚು ಎಂಬಂಥ ಹೊಂದಾಣಿಕೆ ಅನೇಕರಿಗೆ ಒಗ್ಗುತ್ತದೆ. ಒಂದು ವಾರ ಯಾವ ಹೊತ್ತಿಗೆ ಸೆಟೆತ, ಯಾವ ಹೊತ್ತಿಗೆ ನಿಶ್ಶಕ್ತಿ ಎಂದು ಬರೆದಿಟ್ಟುಕೊಂಡು ವೈದ್ಯರಿಗೂ ಫಿಸಿಯೋಥೆರಪಿಸ್ಟರಿಗೂ ತೋರಿಸಿ.

ಇನ್ನೊಂದು ಮಾತು: ಬ್ಯಾಕ್ಲೊಫೆನ್‌ನ ಬಹುಭಾಗ ಹಾಗೆಯೇ ಮೂತ್ರದ ಮೂಲಕ ಹೊರಹೋಗುತ್ತದೆ. ಬೆನ್ನುಹುರಿಯ ಪೆಟ್ಟಿನವರಿಗೆ ಮೂತ್ರದ ಸೋಂಕು, ಮೂತ್ರಪಿಂಡದ ತೊಂದರೆ ಹೆಚ್ಚು. ಕಿಡ್ನಿ ಕುಂದಿದರೆ ಎಂದಿನ ಡೋಸೇ ವಿಷವಾಗಿ ಪರಿಣಮಿಸಿ, ರೋಗಿ ಎಬ್ಬಿಸಿದರೂ ಏಳದ ಮಂಪರಿಗೆ ಜಾರಬಹುದು. ಕಿಡ್ನಿಯ ಕೆಲಸ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನು ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮಾಡಿಸಿ.

ಪ್ರಶ್ನೆ: ನನಗೆ 29 ವರ್ಷ. ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಬೆನ್ನುನೋವಿಗೆ ಕೊಟ್ಟ ಥಯೋಕೊಲ್ಚಿಕೊಸೈಡ್ ಮಾತ್ರೆಯನ್ನು ಮೂರು ವಾರದಿಂದ ಸೇವಿಸುತ್ತಿದ್ದೇನೆ. ಪರವಾಗಿಲ್ಲವೇ?

ಉತ್ತರ: ಮುಂದುವರಿಸಬೇಡಿ, ಗರ್ಭಧಾರಣೆಗೆ ಪ್ರಯತ್ನಿಸುತ್ತಿರುವುದನ್ನು ವೈದ್ಯರಿಗೆ ಹೇಳಿ ಬೇರೆ ಉಪಾಯ ಕೇಳಿ. ಈ ಔಷಧ ದೇಹದಲ್ಲಿ ಒಡೆದಾಗ ಉಂಟಾಗುವ ಒಂದು ಪದಾರ್ಥ, ವಿಭಜಿಸುತ್ತಿರುವ ಜೀವಕೋಶಗಳಲ್ಲಿ ವರ್ಣತಂತುಗಳ ಸಂಖ್ಯೆಯನ್ನು ಏರುಪೇರು ಮಾಡಬಲ್ಲದೆಂದು ಪ್ರಯೋಗಾಲಯದಲ್ಲಿ ಕಂಡುಬಂದ ಮೇಲೆ, ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಇದರ ಬಳಕೆಗೆ ಮಿತಿ ಹಾಕಿತು. ಅದರ ಪ್ರಕಾರ ಮಾತ್ರೆ ಏಳು ದಿನ, ಚುಚ್ಚುಮದ್ದು ಐದು ದಿನ ಮೀರಬಾರದು. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಗರ್ಭನಿರೋಧಕ ಬಳಸದ ಹೆರುವ ವಯಸ್ಸಿನ ಮಹಿಳೆಯರಿಗೆ, 16 ವರ್ಷದೊಳಗಿನವರಿಗೆ ಕೊಡಬಾರದು. ಈಗಾಗಲೇ ಸೇವಿಸಿದ್ದಕ್ಕೆ ನಿಮ್ಮ ಮಗುವಿಗೆ ತೊಂದರೆಯಾಗಿಯೇ ಆಗುತ್ತದೆ ಎಂದು ಇದರ ಅರ್ಥವಲ್ಲ. ಮುಟ್ಟು ತಪ್ಪಿದ್ದರೆ ಪರೀಕ್ಷೆ ಮಾಡಿಕೊಂಡು, ಗರ್ಭ ನಿಂತಿದ್ದರೆ ಮಾತ್ರೆಯ ಹೆಸರು ಮತ್ತು ಸೇವಿಸಿದ ದಿನಾಂಕಗಳನ್ನು ಪ್ರಸೂತಿ ತಜ್ಞರಿಗೆ ತಿಳಿಸಿ.

ಪ್ರಶ್ನೆ: ಸ್ನಾಯು ಸಡಿಲಿಸುವ ಮಾತ್ರೆ ತೆಗೆದುಕೊಂಡ ದಿನ ಒಂದು ಪೆಗ್ ಕುಡಿದರೆ ಏನಾಗುತ್ತದೆ? ಸ್ನೇಹಿತರೊಬ್ಬರು ಕ್ಯಾರಿಸೊಪ್ರಡಾಲ್ ಮಾತ್ರೆಯನ್ನು ನೋವು ಹೋದ ಮೇಲೂ ನಿದ್ದೆಗಾಗಿ ನುಂಗುತ್ತಾರೆ; ಅವರಿಗೆ ಏನು ಹೇಳಲಿ?

ಉತ್ತರ: ಕುಡಿಯಬಾರದು. ಮದ್ಯವೂ ಮಾತ್ರೆಯೂ ಮಿದುಳನ್ನು ಮಂಕಾಗಿಸುವ ಕಡೆಗೇ ಎಳೆಯುತ್ತವೆ. ನಿದ್ದೆಮಾತ್ರೆ ಅಥವಾ ಅಫೀಮು ಮೂಲದ ನೋವಿನ ಔಷಧ ಅವುಗಳ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವ ತೊಂದರೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು.

ನಿಮ್ಮ ಸ್ನೇಹಿತರ ವಿಷಯ ಬೇರೆಯೇ ಆಗಿದೆ. ಕ್ಯಾರಿಸೊಪ್ರಡಾಲ್ ಯಕೃತ್ತಿನಲ್ಲಿ ಮೆಪ್ರೊಬಮೇಟ್ ಆಗಿ ಬದಲಾಗುತ್ತದೆ. ಅದು ಒಂದು ಕಾಲದಲ್ಲಿ ಆತಂಕಕ್ಕೆ ಕೊಡುತ್ತಿದ್ದ, ಚಟ ಹಿಡಿಸುವ ಮಾತ್ರೆ. ಈ ಕಾರಣಕ್ಕಾಗಿಯೇ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಇದರ ಮಾರಾಟ ತಡೆಹಿಡಿಯಲು ಶಿಫಾರಸು ಮಾಡಿತು, ಅಮೆರಿಕ 2012ರಲ್ಲಿ ಇದನ್ನು ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿತು. ಎರಡು ಮೂರು ವಾರಕ್ಕೆಂದು ಬರೆಯುವ ಮಾತ್ರೆಯನ್ನು ಅವರು ಎಷ್ಟು ತಿಂಗಳಿಂದ, ದಿನಕ್ಕೆ ಎಷ್ಟು ನುಂಗುತ್ತಿದ್ದಾರೆ ಎಂಬುದನ್ನು ಮೊದಲು ಸಮಾಧಾನವಾಗಿ ಕೇಳಿ ತಿಳಿಯಿರಿ. ಬೈದು ಮಾತ್ರೆ ಕಸಿದುಕೊಂಡರೆ ಕೈನಡುಕ, ನಿದ್ದೆಯಿಲ್ಲದಿರುವಿಕೆ, ಆತಂಕ, ಕೆಲವರಲ್ಲಿ ಸೆಳವೂ ಬರಬಹುದಾದ್ದರಿಂದ, ಮನೋವೈದ್ಯರ ಬಳಿ ನೀವೇ ಜೊತೆಗೆ ಹೋಗಿ ಕ್ರಮವಾಗಿ ಬಿಡಿಸುವುದು ಸರಿಯಾದ ದಾರಿ. ಅದಕ್ಕೆ ಮೊದಲೇ ಎಂದಾದರೂ ಅವರು ಎಚ್ಚರಿಸಿದರೂ ಎಚ್ಚರವಾಗದಂತೆ ಕಂಡರೆ, ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಆಂಬುಲೆನ್ಸ್ ಕರೆಸಿ, ಖಾಲಿಯಾದ ಮಾತ್ರೆಯ ಹಾಳೆಗಳನ್ನೂ ಜೊತೆಗೆ ಕಳಿಸಿ. ಏನನ್ನು ಎಷ್ಟು ನುಂಗಿದ್ದಾರೆಂಬುದು ಅಲ್ಲಿನ ವೈದ್ಯರಿಗೆ ಅದರಿಂದಲೇ ಬೇಗ ತಿಳಿಯುತ್ತದೆ.